ಜೂನ್ ಅಲ್ಮೇಡಾ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಅಲ್ಮೇಡಾ ಯಾರು?

ಮನುಷ್ಯನನ್ನು ಕಾಡುವ ಕೊರೊನಾ ವೈರಸ್ಸಿನ ರೂಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊಟ್ಟಮೊದಲು ಕಂಡು, ಅದರ ಚಿತ್ರ ತೆಗೆದು ಜಗತ್ತಿಗೆ ತೋರಿಸಿದವರು ಸ್ಕಾಟ್ಲೆಂಡಿನ ಜೂನ್ ಅಲ್ಮೇಡಾ. 1930ರ ಅಕ್ಟೋಬರ್ 5ರಂದು ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಅವರು 2007ರ ಡಿಸೆಂಬರ್ 1ರಂದು ಇಂಗ್ಲೆಂಡಿನ ದಕ್ಷಿಣ ಕಡಲತೀರದ ಬೆಕ್ಸ್‌ಹಿಲ್‌ನಲ್ಲಿ ತೀರಿಕೊಂಡರು. ಅವರನ್ನು ವೈರಾಣು ವಿಜ್ಞಾನಿ ಎಂದು ಕರೆಯುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಅವರು ವೃತ್ತಿಗೆ ಕಾಲಿಟ್ಟದ್ದು ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞೆಯಾಗಿ, ಅಂದರೆ ನಾವು ದಿನಬಳಕೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಎನ್ನುತ್ತೇವಲ್ಲ, ಆ ಹುದ್ದೆಯಲ್ಲಿ. ಅವರ ಮುಂದಿನ ಸಾಧನೆಯೆಲ್ಲ ಆ ಹುದ್ದೆಯಲ್ಲಿ ಪಳಗಿದ ಕೈ ಮತ್ತು ಕಣ್ಣುಗಳಿಂದಲೇ ಬಂದಿತೆಂಬುದು ಈ ಪುಟವನ್ನು ಬರೆದವರ ದೃಢವಾದ ಅಭಿಪ್ರಾಯ.

ಅಲ್ಮೇಡಾ ಎಂಬ ಹೆಸರು ನಮ್ಮ ಕರಾವಳಿಯಲ್ಲೂ ಇದೆ. ಇವರು ಮಂಗಳೂರು ಅಥವಾ ಗೋವಾ ಮೂಲದವರೇ?

ಅಲ್ಲ. ಈ ಮನೆತನದ ಹೆಸರು ಪೋರ್ಚುಗೀಸ್ ಮೂಲದ್ದಾದ್ದರಿಂದ ಮಂಗಳೂರು ಮತ್ತು ಗೋವೆಯ ಕೊಂಕಣಿ ಕ್ಯಾಥೊಲಿಕರಲ್ಲಿಯೂ ಇದೆ, ಸಾವಿರಾರು ಮೈಲಿ ದೂರದ ದಕ್ಷಿಣ ಅಮೆರಿಕದಲ್ಲಿಯೂ ಇದೆ. ಜೂನ್ ಅವರ ತವರಿನ ಹೆಸರು ಹಾರ್ಟ್. 1954ರಲ್ಲಿ ವೆನೆಜುವೆಲಾ ದೇಶದ ಕಲಾವಿದ ಎನ್ರಿಕೆಸ್ ಅಲ್ಮೇಡಾ ಅವರನ್ನು ಮದುವೆಯಾದ ಮೇಲೆ ಅಲ್ಮೇಡಾ ಎಂಬ ಹೆಸರು ಬಂದಿತು. ಅವರ ಸಂಶೋಧನಾ ಪ್ರಬಂಧಗಳೆಲ್ಲ ಈ ಹೆಸರಿನಲ್ಲಿಯೇ ಪ್ರಕಟವಾಗಿರುವುದರಿಂದ ವಿಜ್ಞಾನ ಲೋಕದಲ್ಲಿ ಅದೇ ಉಳಿದುಕೊಂಡಿತು.

ಅವರ ಬಾಲ್ಯ ಹೇಗಿತ್ತು? ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟದ್ದು ಏಕೆ?

ತಂದೆ ಬಸ್ ಚಾಲಕರಾಗಿದ್ದರು. ಕುಟುಂಬವು ಗ್ಲಾಸ್ಗೋದ ದುಡಿಯುವ ಜನರ ಬಡಾವಣೆಯೊಂದರ ವಠಾರದ ಮನೆಯಲ್ಲಿ ವಾಸವಾಗಿತ್ತು. ಜೂನ್ ಅವರಿಗೆ ಸುಮಾರು ಹತ್ತು ವರ್ಷವಿದ್ದಾಗ, ಆರು ವರ್ಷದ ತಮ್ಮ ಗಂಟಲಮಾರಿ (ಡಿಫ್ತೀರಿಯಾ) ರೋಗದಿಂದ ತೀರಿಕೊಂಡ. ಇಂದು ಲಸಿಕೆಯಿಂದ ತಡೆಯಬಹುದಾದ ಆ ರೋಗವು ಆಗ ಬ್ರಿಟನ್ನಿನ ಮನೆಮನೆಗಳಲ್ಲಿ ಮಕ್ಕಳನ್ನು ಕಸಿದುಕೊಳ್ಳುತ್ತಿತ್ತು.

ಶಾಲೆಯಲ್ಲಿ ಅವರು ಜಾಣೆ. ವೈಟ್‌ಹಿಲ್ ಶಾಲೆಯಲ್ಲಿ ವಿಜ್ಞಾನಕ್ಕೆ ಬಹುಮಾನವನ್ನೂ ಪಡೆದಿದ್ದರು. ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆಯಿತ್ತಾದರೂ ಅದಕ್ಕೆ ಬೇಕಾದ ಹಣ ಮನೆಯಲ್ಲಿರಲಿಲ್ಲ. ಬುದ್ಧಿಗಾಗಲಿ ಆಸಕ್ತಿಗಾಗಲಿ ಕೊರತೆಯಿರದಿದ್ದ ಹುಡುಗಿಯೊಬ್ಬಳ ಓದು ಹಣದ ಕಾರಣಕ್ಕೆ ನಿಂತುಹೋಯಿತೆಂಬುದನ್ನು ನೇರವಾಗಿಯೇ ಹೇಳಬೇಕು, ಏಕೆಂದರೆ ಅವರ ಬದುಕಿನ ಕಥೆಯನ್ನು ಹೇಳುವವರು ಕೆಲವೊಮ್ಮೆ ಇದನ್ನು ಶಾಲೆ ಬಿಟ್ಟೂ ಗೆದ್ದವರ ಸಾಹಸವೆಂಬಂತೆ ವರ್ಣಿಸುತ್ತಾರೆ. ಅವರು ಶಾಲೆಯನ್ನು ಬಿಡಲಿಲ್ಲ, ಬಿಡಬೇಕಾಯಿತು.

ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಅವರು ಮಾಡುತ್ತಿದ್ದ ಕೆಲಸ ಯಾವುದು?

1947ರಲ್ಲಿ ಅವರು ಗ್ಲಾಸ್ಗೋ ರಾಯಲ್ ಇನ್‌ಫರ್ಮರಿ ಎಂಬ ಹಳೆಯ ಆಸ್ಪತ್ರೆಯ ಹಿಸ್ಟೊಪೆಥಾಲಜಿ ವಿಭಾಗದಲ್ಲಿ ತಂತ್ರಜ್ಞೆಯಾಗಿ ಸೇರಿದರು. ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ದೇಹದಿಂದ ತೆಗೆದ ಗೆಡ್ಡೆ ಅಥವಾ ಅಂಗಾಂಶದ ತುಣುಕು ಈ ವಿಭಾಗಕ್ಕೆ ಬರುತ್ತದೆ. ಅದು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಇಡುವುದು, ಅದರೊಳಗಿನ ನೀರನ್ನು ಹಂತಹಂತವಾಗಿ ತೆಗೆದು ಕರಗಿದ ಮೇಣವನ್ನು ತುಂಬಿಸುವುದು, ಗಟ್ಟಿಯಾದ ಮೇಣದ ಬಿಲ್ಲೆಯನ್ನು ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆಯುವುದು, ಆ ಹೆರೆಯನ್ನು ಬೆಚ್ಚಗಿನ ನೀರಿನ ಮೇಲೆ ಸುಕ್ಕಿಲ್ಲದಂತೆ ತೇಲಿಸಿ ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುವುದು, ಬಳಿಕ ನೀಲಿ ಮತ್ತು ಗುಲಾಬಿ ಬಣ್ಣಗಳನ್ನು ಹಿಡಿಸಿ ಸೂಕ್ಷ್ಮದರ್ಶಕದಡಿ ನೋಡಲು ಸಿದ್ಧಪಡಿಸುವುದು ಇಲ್ಲಿನ ದಿನನಿತ್ಯದ ಕೆಲಸ. ಈ ಸಾಲಿನ ಯಾವುದೇ ಹಂತದಲ್ಲಿ ಕೈ ತಪ್ಪಿದರೂ ಸ್ಲೈಡಿನಲ್ಲಿ ಕಾಣುವುದು ರೋಗವಲ್ಲ, ತಂತ್ರಜ್ಞರ ತಪ್ಪು. ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ವರದಿ ಬರೆಯುವವರು ವೈದ್ಯರು. ಆ ವೈದ್ಯರು ಏನನ್ನು ನೋಡುತ್ತಾರೆ ಎಂಬುದು ಮಾತ್ರ ತಂತ್ರಜ್ಞರ ಕೈಯಲ್ಲಿರುತ್ತದೆ.

ಗ್ಲಾಸ್ಗೋದ ನಂತರ ಅವರು ಲಂಡನ್ನಿನ ಸೇಂಟ್ ಬಾರ್ತಲೊಮ್ಯೂಸ್ ಆಸ್ಪತ್ರೆಯಲ್ಲಿ ಇದೇ ಬಗೆಯ ಕೆಲಸ ಮಾಡಿದರು. ಮದುವೆಯಾದ ಮೇಲೆ ದಂಪತಿ ಕೆನಡಾಕ್ಕೆ ಹೊರಟರು.

ಪದವಿಯಿಲ್ಲದವರು ಸಂಶೋಧನೆಗೆ ಬಂದದ್ದು ಹೇಗೆ?

ಟೊರಾಂಟೊ ನಗರದ ಒಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನಿರ್ವಹಿಸುವ ತಂತ್ರಜ್ಞೆಯ ಕೆಲಸ ಅವರಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ಪದವಿಯಿಲ್ಲದವರು ಏರಬಹುದಾದ ಮೆಟ್ಟಿಲುಗಳು ಬಹಳ ಕಡಿಮೆಯಿದ್ದವು. ಕೆನಡಾದಲ್ಲಿ ಆ ಬಿಗಿ ಸ್ವಲ್ಪ ಸಡಿಲವಾಗಿತ್ತು, ಕೆಲಸ ಬಲ್ಲವರಿಗೆ ಕೆಲಸದ ಮೂಲಕವೇ ಮೇಲೆ ಬರಲು ಅವಕಾಶವಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಆಗ ಹೊಸ ಉಪಕರಣ. 1930ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಆ ಯಂತ್ರವು ಆಸ್ಪತ್ರೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲವಾದ್ದರಿಂದ, ಅದರಲ್ಲಿ ಪಳಗಿದ ಹಿರಿಯರ ಉದ್ದನೆಯ ಸಾಲೇನೂ ಇರಲಿಲ್ಲ. ಯಾರು ತಾಳ್ಮೆಯಿಂದ ಕಲಿತರೋ ಅವರೇ ಅದರ ಪರಿಣತರಾದರು.

ಕೆಲವೇ ವರ್ಷಗಳಲ್ಲಿ ಪ್ರಬಂಧಗಳ ಲೇಖಕರ ಸಾಲಿನಲ್ಲಿ ಅವರ ಹೆಸರು ಕಾಣಿಸತೊಡಗಿತು. ಮನುಷ್ಯರ ಚರ್ಮದ ಮೇಲಿನ ನರುಳ್ಳೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಧ್ಯಯನ 1962ರಲ್ಲಿ ಹೊರಬಂದಿತು. 1963ರಲ್ಲಿ ಬರ್ನ್‌ಹಾರ್ಡ್ ಸಿನಾಡರ್ ಮತ್ತು ಆಲನ್ ಹೊವಾಟ್ಸನ್ ಅವರೊಂದಿಗೆ ಸೇರಿ, ವೈರಸ್ಸಿಗೆ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು, ಅಂಟಿಕೊಂಡಾಗ ಆ ಜೋಡಣೆ ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಿದ ಪ್ರಬಂಧ ಬಂದಿತು. ಅದರಲ್ಲಿ ಮೊದಲ ಹೆಸರು ಅಲ್ಮೇಡಾ ಅವರದು. ಮುಂದೆ ಅವರು ಮಾಡಿದ ಬಹುಪಾಲು ಕೆಲಸದ ಬೀಜ ಈ ಪ್ರಬಂಧದಲ್ಲಿದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದ್ದ ಮೇಲೆ ವೈರಸ್ ತಾನಾಗಿಯೇ ಕಾಣುವುದಿಲ್ಲವೇ? ಅದರಲ್ಲಿ ನಿಪುಣತೆ ಏನಿದೆ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಇದು ಅರ್ಥವಾಗದೆ ಅಲ್ಮೇಡಾ ಅವರ ಹಿರಿಮೆ ಅರ್ಥವಾಗುವುದಿಲ್ಲ.

ನಾವು ಶಾಲೆಯಲ್ಲಿ ನೋಡಿರುವ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕ ವಿವರಗಳು ಬೇರೆಬೇರೆಯಾಗಿ ಕಾಣುವುದಿಲ್ಲ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ). ಕೊರೊನಾ ವೈರಸ್ಸಿನ ಕಣದ ಅಡ್ಡಳತೆ ಸುಮಾರು 100 ನ್ಯಾನೋಮೀಟರು. ಬೆಳಕಿನ ಬದಲಿಗೆ ಎಲೆಕ್ಟ್ರಾನುಗಳ ಕಿರಣವನ್ನು ಹಾಯಿಸುವ ಯಂತ್ರಕ್ಕೆ ಆ ಶಕ್ತಿಯೇನೋ ಇದೆ. ಆದರೆ ವೈರಸ್ ಆಗಿರುವುದು ಪ್ರೋಟೀನ್, ಕೊಬ್ಬು ಮುಂತಾದ ಹಗುರ ಪದಾರ್ಥಗಳಿಂದ, ಎಲೆಕ್ಟ್ರಾನುಗಳು ಅದನ್ನು ಗುರುತಿಸದೆಯೇ ಹಾದುಹೋಗುತ್ತವೆ. ಅದರ ಮೇಲೆ ಮೂಗಿನ ಸಿಂಬಳದಂಥ ಮಾದರಿಯಲ್ಲಿ ವೈರಸ್ಸಿಗಿಂತ ಹೆಚ್ಚಾಗಿ ಜೀವಕೋಶಗಳ ಚೂರುಪಾರು ತುಂಬಿರುತ್ತದೆ.

ಮೊದಲನೆಯ ತೊಡಕಿಗೆ ಒಳ್ಳೆಯ ಉಪಾಯವನ್ನು 1959ರಲ್ಲಿ ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ಮತ್ತು ರಾಬರ್ಟ್ ಹಾರ್ನ್ ರೂಪಿಸಿಕೊಟ್ಟಿದ್ದರು. ಅದರ ಹೆಸರು ನೆಗೆಟಿವ್ ಸ್ಟೇನಿಂಗ್. ಗೋಡೆಗೆ ಅಂಗೈಯನ್ನು ಒತ್ತಿ ಹಿಡಿದು ಸುತ್ತಲೂ ಕೆಮ್ಮಣ್ಣಿನ ನೀರು ಚಿಮುಕಿಸಿದರೆ, ಕೈ ತೆಗೆದ ಮೇಲೆ ಬಣ್ಣವಿಲ್ಲದ ಜಾಗದಲ್ಲಿ ಅಂಗೈಯ ಆಕಾರ ಉಳಿಯುತ್ತದೆ. ಅದೇ ರೀತಿ ಇಲ್ಲಿ ಬಣ್ಣವನ್ನು ವೈರಸ್ಸಿಗೆ ಹಚ್ಚುವುದಿಲ್ಲ, ಅದರ ಸುತ್ತಲಿನ ಜಾಗಕ್ಕೆ ಹರಿಸುತ್ತಾರೆ. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಮಾದರಿಯ ಒಂದು ಹನಿಯನ್ನಿಟ್ಟು, ಟಂಗ್‌ಸ್ಟನ್ ಎಂಬ ಭಾರಲೋಹವಿರುವ ದ್ರಾವಣವನ್ನು ಸೇರಿಸಿ, ಹೆಚ್ಚಿನದನ್ನು ಹೀರುಕಾಗದದಿಂದ ಹೀರಿ ಒಣಗಿಸುತ್ತಾರೆ. ಲೋಹವಿರುವ ಜಾಗ ಕಪ್ಪಾಗಿಯೂ ವೈರಸ್ ಬೆಳ್ಳಗೂ ಕಾಣುತ್ತದೆ, ಮೈಮೇಲಿನ ಮುಳ್ಳುಗಳ ಸಂದಿಗೂ ಲೋಹ ಇಳಿಯುವುದರಿಂದ ಒಂದೊಂದು ಮುಳ್ಳೂ ಎದ್ದು ನಿಲ್ಲುತ್ತದೆ.

ಕೇಳಲು ಇದು ಸರಳ. ಆದರೆ ದ್ರಾವಣ ಹೆಚ್ಚಾದರೆ ಎಲ್ಲವೂ ಕಪ್ಪು, ಕಡಿಮೆಯಾದರೆ ಏನೂ ಕಾಣದು, ಒಣಗುವ ವೇಗ ತಪ್ಪಿದರೆ ವೈರಸ್ಸಿನ ಆಕಾರವೇ ಕೆಡುತ್ತದೆ. ಯಂತ್ರದ ಮುಂದೆ ಕತ್ತಲೆಯ ಕೋಣೆಯಲ್ಲಿ ಗಂಟೆಗಟ್ಟಲೆ ಕುಳಿತು, ಹಸಿರು ಬೆಳಕಿನ ಪುಟ್ಟ ಪರದೆಯ ಮೇಲೆ ಜಾಲರಿಯ ಒಂದೊಂದು ಚೌಕವನ್ನೂ ಹುಡುಕುತ್ತ, ಇದು ಜೀವಕೋಶದ ಚೂರು, ಇದು ವೈರಸ್ ಎಂದು ವಿಂಗಡಿಸಬಲ್ಲ ಕಣ್ಣು ಬೇಕು. ಹಿಸ್ಟೊಪೆಥಾಲಜಿಯಲ್ಲಿ ಕಳೆದ ವರ್ಷಗಳು ಅಲ್ಮೇಡಾ ಅವರಿಗೆ ಅಂಥ ಕಣ್ಣನ್ನು ಕೊಟ್ಟಿದ್ದವು.

ಅವರ ಹೆಸರಿನೊಂದಿಗೆ ಸದಾ ಕೇಳಿಬರುವ ಇಮ್ಯೂನ್ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ ಎಂದರೇನು?

ಎರಡನೆಯ ತೊಡಕಿಗೆ, ಅಂದರೆ ವೈರಸ್ ಕಣಗಳು ತೀರ ವಿರಳವಾಗಿ ಚದುರಿರುವ ಸಮಸ್ಯೆಗೆ, ಇದು ಉತ್ತರ. ಒಂದು ಸೋಂಕಿನಿಂದ ಚೇತರಿಸಿಕೊಂಡವರ ರಕ್ತದ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಬೇರ್ಪಡುವ ತಿಳಿದ್ರವದಲ್ಲಿ, ಆ ವೈರಸ್ಸಿಗೇ ಅಂಟಿಕೊಳ್ಳುವ ಪ್ರತಿಕಾಯಗಳಿರುತ್ತವೆ. ಮಾದರಿಗೆ ಆ ಸೀರಮ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ, ಒಂದೊಂದು ಪ್ರತಿಕಾಯವೂ ತನ್ನ ಎರಡು ತೋಳುಗಳಿಂದ ಎರಡು ಕಣಗಳನ್ನು ಹಿಡಿದು, ಚದುರಿದ್ದ ವೈರಸ್ಸುಗಳೆಲ್ಲ ಗುಂಪುಗೂಡುತ್ತವೆ. ದೂರದಿಂದ ನೋಡಿದರೆ ನೆಲದ ಮೇಲೆ ಬಿದ್ದ ಬೆಲ್ಲದ ಚೂರು ಕಾಣದಿದ್ದರೂ ಅದಕ್ಕೆ ಮುತ್ತಿದ ಇರುವೆಗಳ ಹಿಂಡು ಕಾಣುತ್ತದೆ. ಈ ಗುಂಪುಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕಿಳಿಸಿ, ನೆಗೆಟಿವ್ ಸ್ಟೇನಿಂಗ್ ಮಾಡಿ ನೋಡಿದರೆ, ಸುತ್ತ ಪ್ರತಿಕಾಯಗಳ ಪ್ರಭೆಯಿರುವ ಕಣಗಳ ಗೊಂಚಲು ಕಣ್ಣಿಗೆ ಬೀಳುತ್ತದೆ.

ಇದರಿಂದ ಎರಡು ಲಾಭ ಒಟ್ಟಿಗೇ ಆಗುತ್ತವೆ. ವೈರಸ್ಸನ್ನು ಹುಡುಕುವುದು ಸುಲಭವಾಗುತ್ತದೆ, ಜೊತೆಗೆ ಅದು ಯಾವ ವೈರಸ್ ಎಂಬುದೂ ಗೊತ್ತಾಗುತ್ತದೆ, ಏಕೆಂದರೆ ಬೇರೆ ವೈರಸ್ಸಿಗೆ ಆ ಪ್ರತಿಕಾಯ ಅಂಟುವುದಿಲ್ಲ. ಈ ತತ್ವವನ್ನು ಸಸ್ಯದ ವೈರಸ್ಸೊಂದರ ಮೇಲೆ 1940ರ ದಶಕದ ಆರಂಭದಲ್ಲಿಯೇ ಪ್ರಯೋಗಿಸಲಾಗಿತ್ತು. ಆದ್ದರಿಂದ ಅಲ್ಮೇಡಾ ಇದನ್ನು ಶೂನ್ಯದಿಂದ ಸೃಷ್ಟಿಸಿದರೆಂದು ಬರೆಯುವುದು ಸರಿಯಲ್ಲ. ನೆಗೆಟಿವ್ ಸ್ಟೇನಿಂಗ್‌ನೊಂದಿಗೆ ಅದನ್ನು ಬೆಸೆದು, ಮನುಷ್ಯರ ರೋಗಗಳ ಪತ್ತೆಗೆ ನೆಚ್ಚಬಹುದಾದ ವಿಧಾನವನ್ನಾಗಿ ಮಾಡಿ, ಬಂದವರಿಗೆಲ್ಲ ಕಲಿಸಿಕೊಟ್ಟದ್ದು ಅವರ ಕೊಡುಗೆ.

ಅವರು ಲಂಡನ್ನಿಗೆ ಮರಳಿದ್ದು ಯಾವಾಗ?

1964ರಲ್ಲಿ. ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕ ಎ. ಪಿ. ವಾಟರ್ಸನ್, ಅಲ್ಮೇಡಾ ಅವರನ್ನು ಕೆನಡಾದಿಂದ ಕರೆಸಿಕೊಂಡರು. 1967ರಲ್ಲಿ ವಾಟರ್ಸನ್ ಹ್ಯಾಮರ್‌ಸ್ಮಿತ್‌ನ ಸ್ನಾತಕೋತ್ತರ ವೈದ್ಯಕೀಯ ಶಾಲೆಗೆ ಹೋದಾಗ ಅಲ್ಮೇಡಾ ಕೂಡ ಅಲ್ಲಿಗೆ ಹೋದರು.

ಮನುಷ್ಯರ ಕೊರೊನಾ ವೈರಸ್ಸನ್ನು ಅವರು ಕಂಡದ್ದು ಹೇಗೆ?

ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಘಟಕವಿತ್ತು. 1946ರಿಂದ 1990ರವರೆಗೆ ನಡೆದ ಆ ಘಟಕಕ್ಕೆ ಸ್ವಯಂಸೇವಕರು ಬಂದು ತಂಗಿ, ಮೂಗಿಗೆ ನೆಗಡಿಯ ಹನಿ ಹಾಕಿಸಿಕೊಂಡು, ಮೂಗು ಸೋರುತ್ತದೆಯೋ ಇಲ್ಲವೋ ಎಂದು ವೈದ್ಯರಿಂದ ಪರೀಕ್ಷಿಸಿಕೊಳ್ಳುತ್ತಿದ್ದರು. ಅದರ ಮುಖ್ಯಸ್ಥ ಡೇವಿಡ್ ಟೈರಲ್ ಅವರ ಬಳಿ, ಸರ್ರೆ ಪ್ರಾಂತದ ವಸತಿಶಾಲೆಯ ಹುಡುಗನೊಬ್ಬನ ಮೂಗಿನಿಂದ ತೊಳೆದು ತೆಗೆದ ಬಿ814 ಎಂಬ ಮಾದರಿಯಿತ್ತು. ಅದು ವಿಚಿತ್ರವಾದ ಮಾದರಿ. ಸ್ವಯಂಸೇವಕರ ಮೂಗಿಗೆ ಹಾಕಿದರೆ ನೆಗಡಿ ಬರುತ್ತಿತ್ತು, ಆದರೆ ಆಗ ಬಳಕೆಯಲ್ಲಿದ್ದ ಸಾಮಾನ್ಯ ಕೋಶಕೃಷಿಯಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ, ಬೆಳೆಯುತ್ತಿರಲಿಲ್ಲ. ಕೊನೆಗೆ ಶ್ವಾಸನಾಳದ ಅಂಗಾಂಶದ ತುಣುಕನ್ನೇ ಪೋಷಕ ದ್ರವದಲ್ಲಿ ಜೀವಂತವಾಗಿಟ್ಟು ಅದರ ಮೇಲೆ ಅದನ್ನು ಬೆಳೆಸಲು ಟೈರಲ್ ಮತ್ತು ಅವರ ಸಹೋದ್ಯೋಗಿ ಬೈನೋ ಯಶಸ್ವಿಯಾದರು, 1965ರಲ್ಲಿ ಅದನ್ನು ಪ್ರಕಟಿಸಿದರು. ಅಂಥ ಅಂಗಾಂಶಕೃಷಿಯಲ್ಲಿ ವೈರಸ್ಸಿನ ಪ್ರಮಾಣ ಬಹಳ ಕಡಿಮೆ. ಹೀಗಾಗಿ ಅದನ್ನು ಕಣ್ಣಾರೆ ಕಾಣುವ ದಾರಿ ಇರಲಿಲ್ಲ.

ಅಲ್ಮೇಡಾ ಆ ಕೆಲಸ ತಮ್ಮಿಂದ ಆದೀತೆಂದರು. ಟೈರಲ್ ಅವರಿಗೆ ಹೆಚ್ಚಿನ ನಂಬಿಕೆಯೇನೂ ಇರಲಿಲ್ಲವಾದರೂ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದರು. ಬಿ814ರ ಜೊತೆಗೆ, ಅಮೆರಿಕದ ಷಿಕಾಗೋದಲ್ಲಿ ಡೊರೊತಿ ಹ್ಯಾಮ್ರೆ ಮತ್ತು ಜಾನ್ ಪ್ರಾಕ್ನೋ ಅವರು ಬೇರ್ಪಡಿಸಿದ್ದ 229ಇ ಎಂಬ ಇನ್ನೊಂದು ನೆಗಡಿಯ ವೈರಸ್ಸೂ ಪರೀಕ್ಷೆಗೆ ಬಂದಿತು. ಅಲ್ಮೇಡಾ ತೆಗೆದ ಚಿತ್ರಗಳಲ್ಲಿ ಎರಡೂ ಕಂಡವು, ಎರಡೂ ಒಂದೇ ಬಗೆಯವಾಗಿದ್ದವು. ದುಂಡಗಿನ ಕಣದ ಸುತ್ತ, ತುದಿಯಲ್ಲಿ ದಪ್ಪನಾದ ಮುಳ್ಳುಗಳ ಅಂಚು ಇತ್ತು.

ಇಲ್ಲಿ ಅವರ ನೆನಪು ಕೆಲಸಕ್ಕೆ ಬಂದಿತು. ಇಂಥದೇ ಅಂಚಿರುವ ಕಣಗಳನ್ನು ಅವರು ಮೊದಲೇ ಎರಡು ಕಡೆ ನೋಡಿದ್ದರು, ಕೋಳಿಮರಿಗಳ ಶ್ವಾಸನಾಳದ ಸೋಂಕನ್ನು ಪರೀಕ್ಷಿಸಿದಾಗ ಒಮ್ಮೆ, ಇಲಿಗಳ ಯಕೃತ್ತಿನ ಉರಿಯೂತವನ್ನು ಪರೀಕ್ಷಿಸಿದಾಗ ಇನ್ನೊಮ್ಮೆ. ಕೋಳಿಯ ರೋಗ, ಇಲಿಯ ರೋಗ, ಮನುಷ್ಯರ ನೆಗಡಿ, ಇವು ಮೂರಕ್ಕೂ ನಂಟಿದೆಯೆಂದು ಲಕ್ಷಣಗಳನ್ನು ನೋಡಿ ಯಾರೂ ಹೇಳುವಂತಿರಲಿಲ್ಲ. ಆಕಾರ ನೋಡಿದವರು ಮಾತ್ರ ಹೇಳಬಹುದಿತ್ತು. ಅಲ್ಮೇಡಾ ಮತ್ತು ಟೈರಲ್ ಅವರ ಪ್ರಬಂಧವು 1967ರಲ್ಲಿ ಜರ್ನಲ್ ಆಫ್ ಜನರಲ್ ವೈರಾಲಜಿಯಲ್ಲಿ ಬಂದಿತು.

ಬಿ814 ತಳಿ ಮುಂದೆ ಪ್ರಯೋಗಾಲಯಗಳಲ್ಲಿ ಉಳಿಯಲಿಲ್ಲ. 229ಇ ಉಳಿದಿದೆ, ಇಂದಿಗೂ ಜಗತ್ತಿನಾದ್ಯಂತ ನೆಗಡಿಗೆ ಕಾರಣವಾಗುವ ವೈರಸ್ಸುಗಳಲ್ಲಿ ಅದೂ ಒಂದು.

ಅವರ ಪ್ರಬಂಧವನ್ನು ಮೊದಲು ತಿರಸ್ಕರಿಸಲಾಗಿತ್ತು ಎಂಬುದು ನಿಜವೇ?

ನಿಜ, ಆದರೆ ತಿರಸ್ಕೃತವಾದದ್ದು ಮೇಲೆ ಹೇಳಿದ ಪ್ರಬಂಧವಲ್ಲ. ಕೋಳಿ ಮತ್ತು ಇಲಿಯ ವೈರಸ್ಸುಗಳ ಮೇಲಿನ ಹಿಂದಿನ ಕೆಲಸವನ್ನು ಕಳುಹಿಸಿದಾಗ, ಪರಿಶೀಲಕರು ಅವು ಇನ್‌ಫ್ಲುಯೆಂಜಾ ವೈರಸ್ಸಿನ ಕೆಟ್ಟ ಚಿತ್ರಗಳಷ್ಟೇ ಎಂದು ತೀರ್ಮಾನಿಸಿದರು. ಇನ್‌ಫ್ಲುಯೆಂಜಾ ವೈರಸ್ಸಿನ ಮೈಮೇಲೂ ಮುಳ್ಳುಗಳಿವೆ, ಆದರೆ ಅವು ಒತ್ತೊತ್ತಾಗಿ, ನೇರವಾಗಿ ಇರುತ್ತವೆ. ಅಲ್ಮೇಡಾ ಅವರ ಚಿತ್ರಗಳಲ್ಲಿ ಅವು ಉದ್ದವಾಗಿ, ವಿರಳವಾಗಿ, ತುದಿಯಲ್ಲಿ ಉಬ್ಬಿ ನಿಂತಿದ್ದವು. ಅದನ್ನೇ ಹೊಸ ಗುಂಪಿನ ಗುರುತೆಂದು ಅವರು ಕಂಡರೆ, ಪರಿಶೀಲಕರು ಅದನ್ನು ಚಿತ್ರದ ದೋಷವೆಂದು ಕಂಡರು. ಒಂದೇ ಚಿತ್ರವನ್ನು ಇಬ್ಬರು ನೋಡಿದರೂ ಇಬ್ಬರಿಗೂ ಒಂದೇ ಕಾಣುವುದಿಲ್ಲ. ಸಾವಿರಾರು ಜಾಲರಿಗಳನ್ನು ನೋಡಿದವರ ಮಾತಿಗೆ ಆ ಹೊತ್ತಿನಲ್ಲಿ ಸಿಗಬೇಕಾದ ಬೆಲೆ ಸಿಗಲಿಲ್ಲವೆಂಬ ಬೇಸರ ಇದನ್ನು ಓದುವಾಗ ಇಂದೂ ಆಗುತ್ತದೆ.

ಕೊರೊನಾ ಎಂಬ ಹೆಸರನ್ನು ಇಟ್ಟವರು ಅವರೇ?

ಅವರೊಬ್ಬರೇ ಅಲ್ಲ. 1968ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಚಿಕ್ಕ ಟಿಪ್ಪಣಿಯಲ್ಲಿ ಎಂಟು ಮಂದಿ ವೈರಾಣು ವಿಜ್ಞಾನಿಗಳು ಈ ಹೊಸ ಗುಂಪಿಗೆ ಕೊರೊನಾ ವೈರಸ್ ಎಂಬ ಹೆಸರನ್ನು ಸೂಚಿಸಿದರು. ಅಲ್ಮೇಡಾ, ಟೈರಲ್ ಮತ್ತು ಹ್ಯಾಮ್ರೆ ಮೂವರೂ ಆ ಎಂಟರಲ್ಲಿದ್ದರು. ಲ್ಯಾಟಿನ್ ಭಾಷೆಯಲ್ಲಿ ಕೊರೊನಾ ಎಂದರೆ ಕಿರೀಟ. ಆದರೆ ಆ ಟಿಪ್ಪಣಿಯವರು ಹೋಲಿಸಿದ್ದು ರಾಜರ ಕಿರೀಟಕ್ಕಲ್ಲ, ಪೂರ್ಣ ಸೂರ್ಯಗ್ರಹಣದ ವೇಳೆ ಸೂರ್ಯಬಿಂಬದ ಸುತ್ತ ಕಾಣುವ ಪ್ರಭಾವಲಯಕ್ಕೆ.

ಹಾಗಾದರೆ ಕೋವಿಡ್-19 ತರುವ ವೈರಸ್ಸನ್ನು ಕಂಡುಹಿಡಿದವರೂ ಅವರೇ?

ಅಲ್ಲ. ಈ ಗೊಂದಲ ಬಹಳ ಮಂದಿಗಿದೆ. ಕೋವಿಡ್-19ಕ್ಕೆ ಕಾರಣವಾದ ವೈರಸ್ ಪತ್ತೆಯಾದದ್ದು ಅವರು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, ಚೀನಾದಲ್ಲಿ. ಅಲ್ಮೇಡಾ ಕಂಡದ್ದು ಅದೇ ಕುಟುಂಬಕ್ಕೆ ಸೇರಿದ, ನೆಗಡಿ ತರುವ ಬೇರೆ ವೈರಸ್ಸುಗಳನ್ನು. 1960ರ ದಶಕದಲ್ಲಿಯೇ ಕೊರೊನಾ ಗೊತ್ತಿತ್ತು, ಅದನ್ನು ಮುಚ್ಚಿಟ್ಟಿದ್ದರು ಎಂಬ ಮಾತುಗಳು 2020ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಹಳೆಯ ಸೋಂಕುನಿವಾರಕದ ಡಬ್ಬಿಗಳ ಮೇಲೆ ಕೊರೊನಾ ವೈರಸ್ ಎಂದು ಬರೆದಿರುವುದನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದರು. ಅದು ಇಡೀ ಕುಟುಂಬದ ಹೆಸರು, ಅದು ಗುಟ್ಟಾಗಿಯೂ ಇರಲಿಲ್ಲ, ವಿಜ್ಞಾನ ಪತ್ರಿಕೆಗಳಲ್ಲಿ ಎಲ್ಲರೂ ಓದುವಂತೆ ಪ್ರಕಟವಾಗಿತ್ತು.

ಕೊರೊನಾ ಬಿಟ್ಟರೆ ಅವರ ಬೇರೆ ಕೆಲಸಗಳು ಯಾವುವು?

ಗರ್ಭಿಣಿಗೆ ಸೋಕಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುವ ರುಬೆಲ್ಲಾ ವೈರಸ್ಸಿನ ರೂಪವನ್ನು 1967ರಲ್ಲಿ ತೋರಿಸಿದ ತಂಡದಲ್ಲಿ ಅವರಿದ್ದರು. ಆದರೆ ವೈದ್ಯಕೀಯ ಪ್ರಯೋಗಾಲಯಗಳ ದೃಷ್ಟಿಯಿಂದ ನೋಡಿದರೆ, ಹೆಪಟೈಟಿಸ್ ಬಿ ಮೇಲಿನ ಅವರ ಕೆಲಸಕ್ಕೆ ಹೆಚ್ಚಿನ ತೂಕವಿದೆ ಎನ್ನಬೇಕು. ಕಾಮಾಲೆಯ ರೋಗಿಗಳ ರಕ್ತದಲ್ಲಿ ಆಸ್ಟ್ರೇಲಿಯಾ ಆ್ಯಂಟಿಜೆನ್ ಎಂಬ ಪದಾರ್ಥವಿರುವುದು ಆಗ ಗೊತ್ತಾಗಿತ್ತು. 22 ನ್ಯಾನೋಮೀಟರಿನ ಪುಟ್ಟ ಕಣಗಳಾಗಿ ಅದು ಕಾಣುತ್ತಿತ್ತು. 1970ರಲ್ಲಿ ಡೇನ್ ಎಂಬವರು ಅದಕ್ಕಿಂತ ದೊಡ್ಡದಾದ, 42 ನ್ಯಾನೋಮೀಟರಿನ ಕಣವನ್ನು ಗುರುತಿಸಿದರು. ಅಲ್ಮೇಡಾ ಮತ್ತು ಸಂಗಡಿಗರು ಆ ದೊಡ್ಡ ಕಣದ ಹೊರಪದರವನ್ನು ಬಿಡಿಸಿ ನೋಡಿ, ಒಳಗಿನ ತಿರುಳಿಗೆ ಬೇರೆಯದೇ ಪ್ರತಿಕಾಯ ಅಂಟಿಕೊಳ್ಳುತ್ತದೆ ಎಂದು 1971ರಲ್ಲಿ ತೋರಿಸಿದರು. ಹೊರಗಿನ ಕವಚ ಬೇರೆ, ಒಳಗಿನ ತಿರುಳು ಬೇರೆ, ದೇಹವು ಎರಡಕ್ಕೂ ಬೇರೆಬೇರೆ ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬುದು ಇದರಿಂದ ತಿಳಿಯಿತು. ಇಂದು ಹೆಪಟೈಟಿಸ್ ಬಿ ಪರೀಕ್ಷೆಯ ವರದಿಯಲ್ಲಿ ಸರ್ಫೇಸ್ ಆ್ಯಂಟಿಜೆನ್ ಎಂದೊಂದು ಸಾಲು, ಕೋರ್ ಆ್ಯಂಟಿಬಾಡಿ ಎಂದು ಇನ್ನೊಂದು ಸಾಲು ಇರುತ್ತದೆ. ಆ ಎರಡು ಸಾಲುಗಳ ಹಿಂದೆ ಇರುವುದು ಇದೇ ತಿಳಿವಳಿಕೆ.

ನೊರೊವೈರಸ್ ಪತ್ತೆಗೂ ಅವರಿಗೂ ಸಂಬಂಧವಿದೆಯೇ?

ಗುರುವಿನ ಸಂಬಂಧವಿದೆ. ಅಮೆರಿಕದ ವೈರಾಣು ವಿಜ್ಞಾನಿ ಆಲ್ಬರ್ಟ್ ಕಪಿಕಿಯನ್ ಬ್ರಿಟನ್ನಿಗೆ ಬಂದಿದ್ದಾಗ ಇಮ್ಯೂನ್ ಎಲೆಕ್ಟ್ರಾನ್ ಮೈಕ್ರೊಸ್ಕೋಪಿಯನ್ನು ಅಲ್ಮೇಡಾ ಅವರಿಂದ ಕಲಿತರು. ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ 1968ರಲ್ಲಿ ವಾಂತಿಭೇದಿ ಹರಡಿತ್ತು, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಆ ಮಾದರಿಗೆ ಚೇತರಿಸಿಕೊಂಡವರ ಸೀರಮ್ ಬೆರೆಸಿ ನೋಡಿದ ಕಪಿಕಿಯನ್, 1972ರಲ್ಲಿ ಸುಮಾರು 27 ನ್ಯಾನೋಮೀಟರಿನ ಕಣಗಳ ಗುಂಪುಗಳನ್ನು ಕಂಡರು. ಇಂದು ನೊರೊವೈರಸ್ ಎಂದು ಕರೆಯುವ ಗುಂಪಿನ ಮೊದಲ ವೈರಸ್ ಅದು. ಮರುವರ್ಷ ಇದೇ ವಿಧಾನದಿಂದ ಹೆಪಟೈಟಿಸ್ ಎ ವೈರಸ್ಸೂ ಕಣ್ಣಿಗೆ ಬಿದ್ದಿತು. ಈ ಎರಡೂ ಪ್ರಬಂಧಗಳಿಗೆ ಅಲ್ಮೇಡಾ ಲೇಖಕಿಯಲ್ಲ. ಕಲಿಸಿದವರ ಪಾಲು ಲೇಖಕರ ಪಟ್ಟಿಯಲ್ಲಿ ಕಾಣುವುದಿಲ್ಲ.

ಅವರು ವೈದ್ಯರೇ? ಹೆಸರಿನ ಹಿಂದೆ ಡಾ. ಎಂದು ಬರೆಯಬಹುದೇ?

ಅವರು ವೈದ್ಯರಲ್ಲ, ಆದರೆ ಡಾ. ಎಂದು ಬರೆಯುವುದು ಸರಿ. ಪ್ರಕಟಿಸಿದ ಪ್ರಬಂಧಗಳ ಆಧಾರದ ಮೇಲೆಯೇ ಅವರಿಗೆ 1971ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿ ದೊರೆಯಿತು. ಹದಿನಾರಕ್ಕೆ ಓದು ನಿಂತವರಿಗೆ ನಲವತ್ತರ ಹೊಸ್ತಿಲು ದಾಟಿದ ಮೇಲೆ ಬಂದ ಪದವಿ ಅದು.

ವೆಲ್‌ಕಮ್ ಸಂಸ್ಥೆಯಲ್ಲಿ ಅವರು ಏನು ಮಾಡಿದರು?

ವೃತ್ತಿಯ ಕೊನೆಯ ಹಂತವನ್ನು ಅವರು ಬೆಕೆನ್‌ಹ್ಯಾಮ್‌ನ ವೆಲ್‌ಕಮ್ ಸಂಶೋಧನಾ ಪ್ರಯೋಗಾಲಯಗಳಲ್ಲಿ ಕಳೆದರು. ರೋಗಪತ್ತೆಯ ವಿಧಾನಗಳು ಮತ್ತು ಲಸಿಕೆಗಳು ಅಲ್ಲಿ ಅವರ ವಿಷಯಗಳಾಗಿದ್ದವು. 1975ರಲ್ಲಿ ಅವರೂ ಸಂಗಡಿಗರೂ ಇನ್‌ಫ್ಲುಯೆಂಜಾ ವೈರಸ್ಸಿನ ಮುಳ್ಳುಗಳನ್ನು ಮಾತ್ರ ಬೇರ್ಪಡಿಸಿ, ಕೊಬ್ಬಿನ ಪುಟ್ಟ ಗುಳ್ಳೆಗಳ ಮೈಮೇಲೆ ನೆಟ್ಟು, ಅದಕ್ಕೆ ವೈರೊಸೋಮ್ ಎಂದು ಹೆಸರಿಟ್ಟರು. ನೋಡಲು ವೈರಸ್ಸಿನಂತೆಯೇ ಇದ್ದರೂ ಒಳಗೆ ವೈರಸ್ಸಿನ ವಂಶವಸ್ತು ಇಲ್ಲದ್ದರಿಂದ ಅದು ರೋಗ ತರಲಾರದು, ಆದರೆ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ವೈರಸ್ಸೆಂದೇ ಗುರುತಿಸುತ್ತದೆ. ಮುಂದೆ ಬೇರೆಯವರು ಈ ಬಗೆಯ ಗುಳ್ಳೆಗಳನ್ನು ಬಳಸಿ ಲಸಿಕೆಗಳನ್ನು ತಯಾರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ಹೊರತಂದ, ಪ್ರಯೋಗಾಲಯದಲ್ಲಿ ವೈರಸ್ ರೋಗಗಳನ್ನು ಶೀಘ್ರವಾಗಿ ಪತ್ತೆಮಾಡುವ ಕೈಪಿಡಿಯ ಲೇಖಕರಲ್ಲಿಯೂ ಅವರೊಬ್ಬರು.

ಅವರ ಸಂಸಾರದ ಬಗ್ಗೆ ಏನು ತಿಳಿದಿದೆ?

ಮೊದಲ ಮದುವೆಯಿಂದ ಒಬ್ಬ ಮಗಳು, ಮುಂದೆ ಅವರು ಮನೋವೈದ್ಯೆಯಾದರು. ಆ ಮದುವೆ ವಿಚ್ಛೇದನದಲ್ಲಿ ಕೊನೆಗೊಂಡಿತು, ಬಳಿಕ ಮಗಳನ್ನು ಬೆಳೆಸುವುದನ್ನೂ ಪ್ರಯೋಗಾಲಯವನ್ನೂ ಒಟ್ಟಿಗೆ ನಿಭಾಯಿಸಬೇಕಾಯಿತು. ಅವರ ಎರಡನೆಯ ಪತಿ ಫಿಲಿಪ್ ಗಾರ್ಡ್‌ನರ್ ಕೂಡ ವೈರಾಣು ವಿಜ್ಞಾನಿ. ಮೇಲೆ ಹೇಳಿದ ಕೈಪಿಡಿಯ ಲೇಖಕರಲ್ಲಿ ಅವರ ಹೆಸರೂ ಇದೆ.

ನಿವೃತ್ತಿಯ ನಂತರ ಅವರು ಯೋಗ ಕಲಿಸುತ್ತಿದ್ದರು ಎಂಬುದು ಹೌದೇ?

ಹೌದು. 1980ರ ದಶಕದ ಮಧ್ಯದಲ್ಲಿ ನಿವೃತ್ತರಾಗಿ ಬೆಕ್ಸ್‌ಹಿಲ್‌ನಲ್ಲಿ ನೆಲೆಸಿದ ಅವರು ಯೋಗ ಶಿಕ್ಷಕಿಯಾಗಿ ತರಬೇತಿ ಪಡೆದರು. ಒಡೆದ ಪಿಂಗಾಣಿ ಪಾತ್ರೆಗಳನ್ನು ಗುರುತು ಕಾಣದಂತೆ ಜೋಡಿಸುವ ಕುಶಲಕಲೆಯನ್ನೂ ಕಲಿತರು, ಹಳೆಯ ವಸ್ತುಗಳ ವ್ಯಾಪಾರದಲ್ಲಿ ಪತಿಯೊಂದಿಗೆ ತೊಡಗಿಕೊಂಡರು. ಕೈಯ ಸೂಕ್ಷ್ಮ ಕೆಲಸ ಮಾತ್ರ ಬಿಡಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಏಡ್ಸ್ ತರುವ ಎಚ್‌ಐವಿ ವೈರಸ್ಸಿನ ಒಳ್ಳೆಯ ಚಿತ್ರಗಳು ಬೇಕಾದಾಗ, ಸೇಂಟ್ ಥಾಮಸ್ ಆಸ್ಪತ್ರೆಗೆ ಸಲಹೆಗಾರರಾಗಿ ಮರಳಿ ಆ ಕೆಲಸಕ್ಕೆ ನೆರವಾದರು. 77ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಬದುಕಿದ್ದಾಗ ಅವರಿಗೆ ಹೆಸರು ಬರಲಿಲ್ಲವೇ?

ವೃತ್ತಿಯವರ ನಡುವೆ ಹೆಸರಿತ್ತು. ವೈರಸ್ಸುಗಳ ಚಿತ್ರ ಬೇಕಾದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಹೊರಜಗತ್ತಿಗೆ ಅವರು ತಿಳಿದಿರಲಿಲ್ಲ. ಮನುಷ್ಯರ ಕೊರೊನಾ ವೈರಸ್ಸುಗಳು ನೆಗಡಿಯನ್ನಷ್ಟೇ ತರುತ್ತವೆಂದು 2003ರ ಸಾರ್ಸ್ ಹಾವಳಿಯವರೆಗೂ ನಂಬಲಾಗಿತ್ತು, ಹೀಗಾಗಿ ಆ ಆವಿಷ್ಕಾರಕ್ಕೆ ಸುದ್ದಿಯ ಬೆಲೆಯಿರಲಿಲ್ಲ. ಸೇಂಟ್ ಥಾಮಸ್‌ನಲ್ಲಿ ಅವರೊಂದಿಗೆ ಕೆಲಸ ಮಾಡಿದ್ದ, ಮುಂದೆ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹ್ಯೂ ಪೆನ್ನಿಂಗ್ಟನ್ ಅವರಂಥವರು ಅವರ ಹಿರಿಮೆಯನ್ನು ಬಿಡದೆ ಹೇಳುತ್ತ ಬಂದರು. 2020ರಲ್ಲಿ ಪತ್ರಿಕೆಗಳು ಅವರ ಬಗ್ಗೆ ಬರೆಯತೊಡಗಿದಾಗ ಅವರು ತೀರಿಕೊಂಡು ಹನ್ನೆರಡು ವರ್ಷ ಕಳೆದಿತ್ತು.

ಅವರ ಕಾಲದ ವಿಧಾನ ಇಂದೂ ಬಳಕೆಯಲ್ಲಿದೆಯೇ?

ದಿನನಿತ್ಯದ ರೋಗಪತ್ತೆಯಲ್ಲಿ ಅದರ ಜಾಗವನ್ನು ಪಿಸಿಆರ್ ಮತ್ತು ಎಲೈಸಾ ಪರೀಕ್ಷೆಗಳು ತೆಗೆದುಕೊಂಡಿವೆ. ಅವು ಅಗ್ಗ, ಒಮ್ಮೆಗೇ ನೂರಾರು ಮಾದರಿಗಳನ್ನು ಪರೀಕ್ಷಿಸಬಲ್ಲವು. ಆದರೆ ಆ ಪರೀಕ್ಷೆಗಳಿಗೆ ತಾವು ಹುಡುಕುತ್ತಿರುವುದು ಏನೆಂದು ಮೊದಲೇ ಗೊತ್ತಿರಬೇಕು. ಪೂರ್ತಿ ಹೊಸದಾದ ವೈರಸ್ ಬಂದಾಗ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಏನನ್ನೂ ಊಹಿಸದೆ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಚೀನಾದ ವಿಜ್ಞಾನಿಗಳು ಹೊಸ ಕೊರೊನಾ ವೈರಸ್ಸನ್ನು ಜಗತ್ತಿಗೆ ತೋರಿಸಿದ ಮೊದಲ ಚಿತ್ರಗಳಲ್ಲಿ ನೆಗೆಟಿವ್ ಸ್ಟೇನಿಂಗ್ ಮಾಡಿದ ಕಣಗಳಿದ್ದವು.

ನಮ್ಮ ದೇಶದಲ್ಲಿಯೂ ಹಾಗೆಯೇ ನಡೆಯಿತು. 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟ ಭಾರತದ ಮೊದಲ ಕೋವಿಡ್ ಪ್ರಕರಣದ ಗಂಟಲ ದ್ರವದ ಮಾದರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರ ಚಿತ್ರವನ್ನು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದರು. ಆ ಕಪ್ಪುಬಿಳುಪು ಚಿತ್ರದಲ್ಲಿ ಮುಳ್ಳುಗಳ ಅಂಚಿರುವ ದುಂಡು ಕಣವೊಂದು ಕಾಣುತ್ತದೆ. ಅದು ಯಾವ ಕುಟುಂಬದ್ದೆಂದು ಗುರುತಿಸಲು ಪುಣೆಯವರು ನೋಡಿದ್ದು, 1967ರ ಪ್ರಬಂಧದಲ್ಲಿ ಅಲ್ಮೇಡಾ ತೋರಿಸಿದ್ದ ಅದೇ ಅಂಚನ್ನು.